ಒಂದನೇ ತಾರೀಕಿನ ಚಿಂತೆ

ಅಧ್ಯಕ್ಷರೇ, ಸಂಘದ ಪದಾಧಿಕಾರಿಗಳೇ, ಡೊಂಬಿವಲಿ, ವಸಯಿ, ಪನ್ವೇಲ್ ಅಂತ ದೂರದೂರದಿಂದ ಲೋಕಲ್ ಹತ್ತಿ ಮಾಟುಂಗದ ಈ ಸಭಾಗೃಹಕ್ಕೆ ಬಂದ ನಿಮಗೆಲ್ಲ ನಮಸ್ಕಾರ. ಭಾನುವಾರ, ಮೇಲಿಂದ ಹಳಿ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕ್. ಆದರೂ ಬಂದಿದ್ದೀರಿ. ನನ್ನ ಭಾಷಣ ಆದ ಮೇಲೆ ಯಕ್ಷಗಾನ ಇರುವುದು ಅದಕ್ಕೆ ಕಾರಣ ಅಂತ ನನಗೆ ಗೊತ್ತುಂಟು. ಬೇಸರವಿಲ್ಲ.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಮೂಕಪ್ರಾಣಿಗಳು ಮತ್ತು ನಾವು’ ಎಂದು ಅಚ್ಚಾಗಿದೆ. ಅದು ಕಾರ್ಯದರ್ಶಿಯವರು ಇಟ್ಟ ಹೆಸರು. ನಾನು ಮಾತಾಡಲು ಬಂದದ್ದು ದುಡ್ಡಿನ ಬಗ್ಗೆ. ಪರಿಚಯ ಮಾಡುವಾಗ ನನ್ನನ್ನು ಪ್ರಾಣಿಪ್ರೇಮಿ ಅಂದರು. ನಮ್ಮ ಆಶ್ರಯಧಾಮದಲ್ಲಿ ಪ್ರಾಣಿಪ್ರೇಮಿಗಳು ಬೇರೆ ಇದ್ದಾರೆ, ನಾನು ಕೋಶಾಧಿಕಾರಿ. ಬದುಕೆಲ್ಲ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತವಳು, ನಿವೃತ್ತಿಯ ಮೇಲೆ ಬದ್ಲಾಪುರದಾಚೆ ಒಂದು ತಗಡಿನ ಶೆಡ್ಡಿನ ಲೆಕ್ಕ ಬರೆಯುತ್ತಿದ್ದೇನೆ. ಅರುವತ್ತು ಚಿಲ್ಲರೆ ನಾಯಿ, ಇಪ್ಪತ್ತರ ಹತ್ತಿರ ಬೆಕ್ಕು, ಎರಡು ಕತ್ತೆ, ಒಂದು ಕುರುಡು ಎಮ್ಮೆ. ಎಮ್ಮೆ ಹೇಗೆ ಬಂತು ಅಂತ ಮಾತ್ರ ಕೇಳಬೇಡಿ, ಹೇಳಹೊರಟರೆ ಭಾಗವತರು ಊಟ ಮಾಡಿ ಮಲಗಬೇಕಾದೀತು.

ನೇರ ವಿಷಯಕ್ಕೆ ಬರುತ್ತೇನೆ. ಈ ಊರಿನಲ್ಲಿ ದಯೆಗೆ ಬರ ಇಲ್ಲ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ: ಹೈವೇಯಲ್ಲಿ ನಾಯಿಗೆ ಟೆಂಪೋ ಹೊಡೆದಿದೆ, ಬನ್ನಿ. ಫೋನ್ ಮಾಡಿದವರು ಅಳುತ್ತಿರುತ್ತಾರೆ, ಸುಳ್ಳು ಅಳು ಅಲ್ಲ. ಆ ನಾಯಿಯ ಫೋಟೋ ವಾಟ್ಸಾಪಿಗೆ ಹಾಕಿದರೆ ಬೆಳಗಾಗುವುದರೊಳಗೆ ಆಪರೇಷನ್ನಿಗೆ ಬೇಕಾದಷ್ಟು, ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ ಬಂದು ಬೀಳುತ್ತದೆ. ಸಂತೋಷ. ಆದರೆ ಆಮೇಲೆ ಒಂದನೇ ತಾರೀಕು ಬರುತ್ತದಲ್ಲ? ಹುಡುಗರ ಸಂಬಳ, ಶೆಡ್ಡಿನ ಬಾಡಿಗೆ, ನೀರಿನ ಟ್ಯಾಂಕರು, ಕರೆಂಟು. ಇವುಗಳ ಫೋಟೋ ಹೇಗೆ ತೆಗೆಯುವುದು? ಮೀಟರ್ ಬೋರ್ಡ್ ನೋಡಿ ಯಾರಿಗೆ ಕಣ್ಣೀರು ಬರುತ್ತದೆ? (ಬಿಲ್ ನೋಡಿದರೆ ನನಗೆ ಬರುತ್ತದೆ, ಅದು ಬೇರೆ.)

ಮಳೆಗಾಲದಲ್ಲಿ ಒಮ್ಮೆ ಬಂದು ನೋಡಿ. ಜುಲೈಯಲ್ಲಿ ನಮ್ಮಲ್ಲಿಗೆ ಬರುವ ನಾಯಿಗಳಲ್ಲಿ ಬಹಳಷ್ಟಕ್ಕೆ ಗಾಯದಲ್ಲಿ ಹುಳ ಬಿದ್ದಿರುತ್ತದೆ. ಕಿವಿಯ ಹಿಂದೆ ಒಂದು ಸಣ್ಣ ತೂತು, ಮೇಲಿನಿಂದ ಏನೂ ಕಾಣುವುದಿಲ್ಲ. ಟರ್ಪೆಂಟೈನ್ ಅದ್ದಿದ ಹತ್ತಿ ಇಟ್ಟರೆ ಸ್ವಲ್ಪ ಹೊತ್ತಿಗೆ ಹುಳಗಳು ಒಂದೊಂದಾಗಿ ತಲೆ ಹೊರಗೆ ಹಾಕುತ್ತವೆ. ನಮ್ಮ ಹುಡುಗ ಕುಕ್ಕರಗಾಲಿನಲ್ಲಿ ಕೂತು ಚಿಮಟದಲ್ಲಿ ಹಿಡಿದು ಹಿಡಿದು ಸ್ಟೀಲ್ ತಟ್ಟೆಗೆ ಹಾಕುತ್ತಾನೆ. ಎಡಗೈ ನಾಯಿಯ ಮೂತಿಯ ಮೇಲೆ, ಬಾಯಲ್ಲಿ ಮರಾಠಿ ಹಾಡು. ಒಂದು ಗಂಟೆ, ಒಂದೂವರೆ ಗಂಟೆ. ಮರುದಿನ ಮತ್ತೆ. ಈ ಕೆಲಸಕ್ಕೆ ನಿಮ್ಮಲ್ಲಿ ಯಾರಾದರೂ ಸ್ವಯಂಸೇವಕರಾಗಿ ಬರುತ್ತೀರಾ? ಕೈ ಎತ್ತಿ. ಕಂಡೆ. ಆದರೆ ದಾನಿಗಳು ಏನು ಹೇಳುತ್ತಾರೆ ಗೊತ್ತಾ? ‘ಮೇಡಂ, ಔಷಧಿಗೆ ಕೊಡ್ತೇವೆ, ಸಂಬಳಕ್ಕೆ ಬೇಡ.’ ಮಾತ್ರೆ ತನ್ನಷ್ಟಕ್ಕೆ ತಾನು ನಡೆದುಕೊಂಡು ನಾಯಿಯ ಬಾಯಿಗೆ ಹೋಗುತ್ತದಾ? ನಮ್ಮ ಪುಸ್ತಕದಲ್ಲಿ ಅತಿ ದೊಡ್ಡ ಖರ್ಚು ಅಂದರೆ ಸಂಬಳ. ಅದನ್ನು ಹೇಳಿಕೊಳ್ಳಲು ಸಂಸ್ಥೆಗಳು ನಾಚುತ್ತವೆ, ‘ಆಡಳಿತ ವೆಚ್ಚ’ ಅಂತ ಯಾವುದೋ ಮೂಲೆಗೆ ತಳ್ಳುತ್ತವೆ. ನಾನು ಮೊದಲನೇ ಸಾಲಿನಲ್ಲಿಯೇ ಬರೆಯುತ್ತೇನೆ.

ಇದು ಮುಂಬಯಿಗೆ ಹೊಸ ತಲೆನೋವಲ್ಲ. 1832ರ ಜೂನ್ ನೆನಪಿಸಿಕೊಳ್ಳಿ. ಬೀದಿನಾಯಿ ಕೊಂದರೆ ಕಂಪನಿ ಸರಕಾರ ಇನಾಮು ಕೊಡುತ್ತಿತ್ತು. ಇನಾಮಿನ ಆಸೆಗೆ ಸಾಕಿದ ನಾಯಿಗಳನ್ನೂ ಮನೆ ಬಾಗಿಲಿನಿಂದ ಎಳೆದೊಯ್ದರು. ಪಾರಸಿಗಳಿಗೆ ನಾಯಿ ಪವಿತ್ರ. ಕೋಟೆ ಪ್ರದೇಶದಲ್ಲಿ ಗಲಭೆ ಎದ್ದಿತು, ಅಂಗಡಿಗಳು ಮುಚ್ಚಿದವು, ಜೈನರು, ಹಿಂದೂಗಳು ಜತೆ ಸೇರಿದರು, ಸೈನಿಕರಿಗೆ ಹೋಗುವ ಊಟ ಕೂಡ ನಿಂತಿತು. ಈ ಗಲಭೆಯ ಕಥೆ ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಅದರ ನಂತರದ್ದು. 1834ರಲ್ಲಿ ಜಮ್‌ಶೆಟ್ಜಿ ಜೀಜೀಭಾಯ್ ಮತ್ತು ಅಮಿಚಂದ್ ಶಾ ಮುಂದೆ ನಿಂತು ಪಾಂಜರಪೋಳ, ಅಂದರೆ ಪ್ರಾಣಿಗಳ ಆಶ್ರಯಧಾಮ, ಕಟ್ಟಿದರು. ಭುಲೇಶ್ವರದಲ್ಲಿ ಇವತ್ತಿಗೂ ಉಂಟು, ಈಗ ಹೆಚ್ಚಾಗಿ ದನಗಳು. ಅದನ್ನು ನಡೆಸಲು ಆ ವರ್ತಕರು ಏನು ಮಾಡಿದರು? ತಮ್ಮ ವ್ಯಾಪಾರದ ಮೇಲೆ ತಾವೇ ಒಂದು ಸಣ್ಣ ಲಾಗಾ ಹಾಕಿಕೊಂಡರು. ಸರಕು ಕೈ ಬದಲಾದಾಗಲೆಲ್ಲ ಇಷ್ಟು ಅಂತ ಪಾಂಜರಪೋಳಕ್ಕೆ. ದುಃಖವಾದಾಗ ಕೊಡುವುದಲ್ಲ, ಸಂತೋಷವಾದಾಗ ಕೊಡುವುದೂ ಅಲ್ಲ. ವ್ಯಾಪಾರವಾದರೆ ಕೊಡುವುದು, ಅಷ್ಟೇ. ಎಂತಹ ತಲೆ ನೋಡಿ!

ದೊಡ್ಡ ದಾನಿ ಸಿಕ್ಕಿದರೆ ಬೇರೆ ಮಾತು. ಪರೇಲಿನ ಪ್ರಾಣಿಗಳ ಆಸ್ಪತ್ರೆ ನೋಡಿದ್ದೀರಲ್ಲ, ದಿನ್‌ಶಾ ಪೆಟಿಟ್ ಅವರ ದಾನ, ಹೆಂಡತಿ ಸಕರ್‌ಬಾಯಿಯವರ ಹೆಸರು. ನಮಗೆ ಪೆಟಿಟ್ ಸಿಗಲಿಲ್ಲ, ಬದ್ಲಾಪುರದ ರಿಕ್ಷಾ ಸ್ಟ್ಯಾಂಡಿನಲ್ಲಿ ಅಂಥವರು ಇಳಿಯುವುದು ಕಡಿಮೆ. ನಮಗಿರುವ ದಾರಿ ಲಾಗಾದ್ದೇ.

ಇದನ್ನು ನನಗೆ ಇತಿಹಾಸ ಕಲಿಸಿದ್ದಲ್ಲ, ಒಬ್ಬ ಹೋಟೆಲಿನವರು. ಕುಂದಾಪುರ ಕಡೆಯವರು, ಹೋಟೆಲು ಘಾಟ್ಕೋಪರದಲ್ಲಿ. ಹೆಸರು ಹೇಳಬಾರದು ಅಂತ ಕಟ್ಟಪ್ಪಣೆ ಆಗಿದೆ, ಅಣ್ಣ ಅನ್ನೋಣ. ಮಧ್ಯಾಹ್ನದ ರಶ್ ಇಳಿದ ಹೊತ್ತು ನೋಡಿ ರಸೀದಿ ಪುಸ್ತಕ ಹಿಡಿದು ಹೋದೆವು. ಅಣ್ಣ ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದರು. ಚಹಾ ತರಿಸಿದರು. ನಮ್ಮ ಅಧ್ಯಕ್ಷೆ ಆಲ್ಬಮ್ ತೆಗೆದು ಕಾಲು ತುಂಡಾದ ನಾಯಿಯ ಫೋಟೋ ತೋರಿಸಿದರು. ಅಣ್ಣ ಮುಖ ತಿರುಗಿಸಿ, ‘ಅಕ್ಕ, ಗಿರಾಕಿಗಳು ತಿಂಡಿ ತಿಂತಿದ್ದಾರೆ, ಇದೆಂತಕ್ಕೆ ಇಲ್ಲಿ? ಒಳಗೆ ಇಡಿ. ನಂಗೆ ನಾಯಿ ಅಂದ್ರೆ ಆಗೂದಿಲ್ಲ’ ಅಂದರು. ಸಣ್ಣವರಿದ್ದಾಗ ಹುಚ್ಚುನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡವರಂತೆ. ಆ ಕಾಲದಲ್ಲಿ ಹಾಗೇ ಇತ್ತು, ಹೊಟ್ಟೆಗೇ ಚುಚ್ಚುತ್ತಿದ್ದರು. ಈಗಲೂ ನಾಯಿ ಕಂಡರೆ ರಸ್ತೆ ದಾಟುತ್ತಾರೆ. ನಾವು ಚಹಾ ಕುಡಿದು ಏಳುವುದರಲ್ಲಿದ್ದೆವು. ಅಷ್ಟರಲ್ಲಿ ಕೇಳಿದರು, ‘ಲೆಕ್ಕದ ಪುಸ್ತಕ ತಂದಿದ್ದೀರಾ?’

ಯಾವ ದಾನಿಯೂ ಅದುವರೆಗೆ ಅದನ್ನು ಕೇಳಿರಲಿಲ್ಲ! ನನ್ನ ಚೀಲದಲ್ಲಿ ಇತ್ತು, ಇರುತ್ತದೆ. ಕೊಟ್ಟೆ. ಹೆಬ್ಬೆರಳಿಗೆ ಉಗುಳು ಹಚ್ಚಿ ಪುಟ ತಿರುಗಿಸುತ್ತಾ ಹೋದರು. ನಡುವೆ ಎರಡು ಪಾರ್ಸೆಲ್ಲಿಗೆ ದುಡ್ಡು ತೆಗೆದುಕೊಂಡರು, ಒಬ್ಬ ವೇಟರಿಗೆ ಬೈದರು. ಆಮೇಲೆ ಬೆರಳಿಟ್ಟು ತೋರಿಸಿದರು: ‘ಮಾರ್ಚಲ್ಲಿ ಇಷ್ಟು ದೊಡ್ಡ ಆದಾಯ. ಜೂನಲ್ಲಿ ಸೊನ್ನೆ. ಜೂನಲ್ಲಿ ನಾಯಿಗಳಿಗೆ ಉಪವಾಸವಾ ಅಕ್ಕ?’ ನಾನು, ಮಾರ್ಚಿನಲ್ಲಿ ತೆರಿಗೆ ಉಳಿಸುವವರು ಕೊಡುತ್ತಾರೆ, ಜೂನ್‌ನಲ್ಲಿ ಶಾಲೆ ಫೀಸು, ಯಾರೂ ಕೊಡುವುದಿಲ್ಲ ಅಂದೆ. ಅಣ್ಣ ಹೇಳಿದ ಮಾತು ಕೇಳಿ: ‘ಹೋಟ್ಲು ಮುಳುಗೂದು ಗಿರಾಕಿ ಇಲ್ಲದೆ ಅಲ್ಲ. ಒಂದನೇ ತಾರೀಕಿಗೆ ಅಡುಗೆಯವನಿಗೆ ಕೊಡ್ಲಿಕ್ಕೆ ಇಲ್ಲದೆ. ಅಡುಗೆಯವ ಹೋದ್ರೆ ಮುಗೀತು. ನಿಮ್ಮದೂ ಹೋಟ್ಲೇ ಅಲ್ವಾ? ದಿನಾ ಅರುವತ್ತು ಊಟ, ಬಿಲ್ ಕೊಡುವ ಗಿರಾಕಿ ಇಲ್ಲ, ಅಷ್ಟೇ ವ್ಯತ್ಯಾಸ.’

ಆಮೇಲೆ ಕರೆಂಟ್ ಬಿಲ್ ಎಷ್ಟು ಬರುತ್ತದೆ, ಯಾಕೆ ಅಷ್ಟು ಅಂತ ಕೇಳಿದರು. ಪಂಪು ಇದೆ, ಲಸಿಕೆಯ ಫ್ರಿಜ್ ಇದೆ, ಎರಡರಿಂದ ಎಂಟು ಡಿಗ್ರಿಯೊಳಗೆ ಇಡಬೇಕು ಅಂದೆ. ಫ್ರಿಜ್ ಅಂದದ್ದೇ ಅವರಿಗೆ ಅರ್ಥವಾಯಿತು. ‘ನಂಗೆ ಹಾಲು ಒಡೀತದೆ, ನಿಮಗೆ ಮದ್ದು ಹಾಳಾಗ್ತದೆ. ಬಿಲ್ ನಂಗೆ ಕಳ್ಸಿ.’ ಆ ತಿಂಗಳಿನದ್ದು ಅಂತ ನಾವು ತಿಳಿದೆವು. ಅಲ್ಲ, ಪ್ರತಿ ತಿಂಗಳು. ಇವತ್ತಿಗೂ ನಡೆಯುತ್ತಿದೆ. ಒಮ್ಮೆ ಶೆಡ್ ನೋಡಲು ಬಂದರು. ಗೇಟಿನ ಹೊರಗೆ ರಿಕ್ಷಾದಿಂದ ಇಳಿಯಲೇ ಇಲ್ಲ. ಒಳಗೆ ಅರುವತ್ತು ನಾಯಿ ಒಟ್ಟಿಗೆ ಬೊಗಳುತ್ತಿವೆ, ಅಣ್ಣ ರಿಕ್ಷಾದ ಮೂಲೆಗೆ ಒತ್ತಿ ಕೂತು, ‘ಮೀಟರ್ ಎಲ್ಲುಂಟು, ಫೋಟೋ ತೆಗೆದು ತನ್ನಿ’ ಅಂತ ನನ್ನ ಕೈಗೆ ಮೊಬೈಲ್ ಕೊಟ್ಟರು. ಮೀಟರ್ ನೋಡಿ ಸಮಾಧಾನವಾಗಿ ಹೋದರು. ಆಮೇಲೆ ಅವರದ್ದೇ ಗುಂಪಿನವರೊಬ್ಬರು ಗ್ಯಾಸ್ ಸಿಲಿಂಡರ್ ಹಿಡಿದರು, ಇನ್ನೊಬ್ಬರು ಬೇಸಿಗೆಯ ಟ್ಯಾಂಕರು. ಮೂರನೆಯವರು ಹುಡುಗನ ಸಂಬಳದ ಅರ್ಧ.

2020ರ ಲಾಕ್‌ಡೌನ್‌ನಲ್ಲಿ ಹೋಟೆಲಿಗೆ ಬೀಗ ಬಿತ್ತಲ್ಲ, ಆಗ ಅಣ್ಣ ಫೋನ್ ಮಾಡಿ, ‘ಬರುವ ತಿಂಗಳು ಅರ್ಧ ಮಾತ್ರ ಆಗ್ತದೆ, ಬಾಕಿಗೆ ಬೇರೆಯವರನ್ನು ನೋಡಿ’ ಅಂದರು. ತಿಂಗಳು ಮುಗಿಯುವ ಮೊದಲೇ ಹೇಳಿದರು. ಬ್ಯಾಂಕಿನಲ್ಲಿ ಕೂತಿದ್ದವಳಿಗೆ ಇದರ ಬೆಲೆ ಗೊತ್ತು. ಎಷ್ಟು ಬರುತ್ತದೆ ಅನ್ನುವುದಕ್ಕಿಂತ, ಬರುತ್ತದಾ ಇಲ್ಲವಾ ಅಂತ ಮೊದಲೇ ತಿಳಿಯುವುದು ದೊಡ್ಡದು.

ಹಾಗಾಗಿ ನಾನು ಕೇಳುವುದು ಇಷ್ಟೇ: ನಾಯಿಯನ್ನು ದತ್ತು ತೆಗೆದುಕೊಳ್ಳಲು ಆಗದಿದ್ದರೆ ಖರ್ಚಿನ ಒಂದು ಬಾಬ್ತನ್ನು ದತ್ತು ತೆಗೆದುಕೊಳ್ಳಿ. ಬ್ಲೀಚಿಂಗ್ ಪೌಡರನ್ನು ತೆಗೆದುಕೊಳ್ಳಿ. ನಗಬೇಡಿ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳನ್ನು ಸಾಲುಸಾಲಾಗಿ ಕೊಲ್ಲುತ್ತದೆ, ಮಾಮೂಲಿ ಫಿನಾಯಿಲಿಗೆ ಜಗ್ಗುವುದಿಲ್ಲ. ಬ್ಲೀಚಿಂಗೇ ಬೇಕು. ಆದರೆ ಜನ ಪ್ರೀತಿಯಿಂದ ಫಿನಾಯಿಲ್ ಕ್ಯಾನ್ ತಂದುಕೊಡುತ್ತಾರೆ. ಅದು ಬೆಕ್ಕಿಗೆ ವಿಷ. ಪ್ರೀತಿಯಿಂದ ಹಾಲೂ ತರುತ್ತಾರೆ, ದೊಡ್ಡ ನಾಯಿಗಳಲ್ಲಿ ಹಲವಕ್ಕೆ ಅದು ಜೀರ್ಣವಾಗುವುದಿಲ್ಲ, ಮರುದಿನ ತೊಳೆಯುವವ ನಮ್ಮ ಹುಡುಗ. ಹುಟ್ಟುಹಬ್ಬಕ್ಕೆ ಕೇಕ್ ತರುವವರ ಬಗ್ಗೆ ನಾನು ಮಾತಾಡುವುದಿಲ್ಲ, ಎರಡನೇ ಸಾಲಿನಲ್ಲಿ ಒಬ್ಬರು ಕೂತಿದ್ದಾರೆ.

ನಮ್ಮವರಿಗೆ ದುಡ್ಡು ಎತ್ತುವುದು ಗೊತ್ತಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಮಳೆಗಾಲದಲ್ಲಿ ಊರಿನ ಮೇಳ ಬಂದರೆ ಸಹಾಯಾರ್ಥ ಪ್ರದರ್ಶನ, ವಾರ್ಷಿಕೋತ್ಸವ ಅಂದರೆ ಸ್ಮರಣ ಸಂಚಿಕೆ, ಹಿಂಬದಿ ಹೊದಿಕೆಗೆ ಇಷ್ಟು, ಒಳಪುಟಕ್ಕೆ ಇಷ್ಟು. ನಾವೂ ಒಂದು ಸಂಚಿಕೆ ತಂದೆವು. ಅಚ್ಚಿನ ಖರ್ಚು, ಸಭಾಗೃಹದ ಬಾಡಿಗೆ, ಶಾಲು, ಹಾರ, ಫಲಪುಷ್ಪ, ಊಟ ಎಲ್ಲ ಕಳೆದು ಉಳಿದದ್ದರಲ್ಲಿ ಒಂದು ತಿಂಗಳ ಅಕ್ಕಿ ಬಂತು. ಇಂಥ ಕಾರ್ಯಕ್ರಮ ಬೇಡ ಅನ್ನುವುದಿಲ್ಲ, ಜನ ಸೇರುತ್ತಾರೆ, ಪರಿಚಯವಾಗುತ್ತದೆ. ಆದರೆ ಅದನ್ನೇ ನಂಬಿ ಅರುವತ್ತು ಹೊಟ್ಟೆ ಸಾಕಲು ಆಗುವುದಿಲ್ಲ. ಹೋಟೆಲಿನ ಒಂದು ಗಲ್ಲಾಪೆಟ್ಟಿಗೆಯಿಂದ ದಿನಕ್ಕೆ ಎರಡು ಇಡ್ಲಿಯ ದುಡ್ಡು ನಮ್ಮ ಡಬ್ಬಿಗೆ ಬಿದ್ದರೆ, ಅದು ಆ ಸಂಚಿಕೆಗಿಂತ ದೊಡ್ಡದು. ಇದೇ ಲಾಗಾ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ. ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಓಡಿಸಿಕೊಂಡು ಹೋಗುತ್ತೇನೆ.

ತೆರಿಗೆ. 80ಜಿ ಅಂತ ನಾವು ಕರೆಯುವ ರಿಯಾಯಿತಿ ನಮ್ಮಂಥ ಸಂಸ್ಥೆಗೆ ಕೊಟ್ಟದ್ದರಲ್ಲಿ ಶೇಕಡಾ 50ಕ್ಕೆ, ಅದಕ್ಕೂ ಮಿತಿ ಉಂಟು. ನಗದು 2,000 ರೂಪಾಯಿಗಿಂತ ಮೇಲೆ ಕೊಟ್ಟರೆ ಸಿಗುವುದಿಲ್ಲ. ಅಕ್ಕಿಮೂಟೆ ಕೊಟ್ಟರೂ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದು ಇಲ್ಲವೇ ಇಲ್ಲ. ಮಾರ್ಚಿನ ಆ ಹಳೆಯ ಭರಾಟೆ ನಮ್ಮಲ್ಲಿ ಇಳಿಯುತ್ತಿರುವುದಕ್ಕೆ ಅದೇ ಕಾರಣ ಅಂತ ನನ್ನ ಗುಮಾನಿ. ಅದಕ್ಕೇ ಮತ್ತೆ ಹೇಳುತ್ತೇನೆ, ತಿಂಗಳು ತಿಂಗಳು.

ಕಂಪನಿಗಳ ಸಿಎಸ್ಆರ್ ದುಡ್ಡು, ಅಂದರೆ ಲಾಭದಲ್ಲಿ ಸಮಾಜದ ಕೆಲಸಕ್ಕೆ ತೆಗೆದಿಡುವ ಪಾಲು. 2013ರ ಕಾಯ್ದೆಯಲ್ಲಿ ಪ್ರಾಣಿ ಕಲ್ಯಾಣವೂ ಪಟ್ಟಿಯಲ್ಲಿದೆ. ಐದು ಕೋಟಿ ನಿವ್ವಳ ಲಾಭ ದಾಟಿದ ಕಂಪನಿ ಶೇಕಡಾ 2 ತೆಗೆದಿಡಬೇಕು. ನಿಮ್ಮ ಮಕ್ಕಳು ಅಂಥ ಕಂಪನಿಗಳಲ್ಲಿದ್ದಾರೆ, ಕೇಳಿಸಿ. ಆದರೆ ಅವರು ಆಂಬುಲೆನ್ಸ್ ಕೊಡುತ್ತಾರೆ, ಮೈಮೇಲೆ ದೊಡ್ಡದಾಗಿ ಹೆಸರು ಬರೆಸುತ್ತಾರೆ. ಡೀಸೆಲ್ಲಿಗೆ ಕೊಡುವುದಿಲ್ಲ, ಡ್ರೈವರಿಗೆ ಕೊಡುವುದಿಲ್ಲ.

ಕೋರ್ಟಿನ ವಿಷಯ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಆಶ್ರಯಧಾಮಕ್ಕೆ ಸೇರಿಸಿ, ಅಲ್ಲಿಗೇ ಮತ್ತೆ ಬಿಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿಯೋ ತಪ್ಪೋ, ಆ ಜಗಳಕ್ಕೆ ಇಳಿದರೆ ಈ ಸಭೆಯೇ ಎರಡಾಗುತ್ತದೆ. ನಾನು ಕೇಳುವುದು ಒಂದೇ, ಸೇರಿಸಿದ ಮೇಲೆ ಊಟ ಯಾರು ಹಾಕುವುದು? ಜೀವಿಗಳ ಮೇಲೆ ಅನುಕಂಪ ಇರಬೇಕು ಅಂತ ಸಂವಿಧಾನದ 51ಎ(ಜಿ) ಹೇಳುತ್ತದೆ. ಅದರ ಜತೆಗೆ ಬಜೆಟ್ ಬಂದಿಲ್ಲ.

ನಾಲ್ಕನೆಯದು ರದ್ದಿ. ಸೊಸೈಟಿಗಳಲ್ಲಿ ಹಳೆ ಪೇಪರ್ ಒಟ್ಟು ಮಾಡುವುದು, ಮರಿಗಳಿಗೆ ಹಾಸಲು ಸ್ವಲ್ಪ ಇಟ್ಟುಕೊಂಡು ಉಳಿದದ್ದು ಮಾರುವುದು. ಮುಲುಂಡಿನ ನಮ್ಮ ಮಹಿಳೆಯರು ಮಾಡುತ್ತಿದ್ದಾರೆ, ವಿವರ ಅವರನ್ನೇ ಕೇಳಿ, ಆ ಬದಿಯಲ್ಲಿ ಕೂತಿದ್ದಾರೆ.

ಹೊರಗೆ ಚಪ್ಪಲಿ ಬಿಡುವಲ್ಲಿ ಒಂದು ಮೇಜು ಹಾಕಿದ್ದೇವೆ. ಗೋಡೆಗೆ ಬಾಬ್ತುಗಳ ಪಟ್ಟಿ ಅಂಟಿಸಿದೆ. ಹಿಡಿದವರ ಹೆಸರಿನ ಬದಲು ಟಿಕ್ ಮಾತ್ರ ಇದೆ. ಟಿಕ್ ಇಲ್ಲದ್ದು ಖಾಲಿ ಉಂಟು ಅಂತ ಅರ್ಥ: ಬ್ಲೀಚಿಂಗ್, ರೇಬಿಸ್ ಲಸಿಕೆ, ಆ ಹುಡುಗನ ಸಂಬಳದ ಇನ್ನರ್ಧ. ಒಬ್ಬರಿಗೆ ಭಾರವಾದರೆ ನಾಲ್ಕು ಜನ ಸೇರಿ ಹಿಡಿಯಿರಿ. ಯುಪಿಐ ಆಟೋಪೇ ಮಾಡಿಕೊಡಲು ಕಾಲೇಜಿನ ಇಬ್ಬರು ಮಕ್ಕಳಿದ್ದಾರೆ, ನೂರು ರೂಪಾಯಿಯೂ ಆಗುತ್ತದೆ. ಬೇಡವಾದಾಗ ನಿಲ್ಲಿಸಿ, ಮೊದಲೇ ಒಂದು ಮಾತು ಹೇಳಿ ನಿಲ್ಲಿಸಿ. ಪ್ಯಾನ್ ನಂಬರ್ ಬಿಡಿಬಿಡಿಯಾಗಿ ಬರೆಯಿರಿ, ಸರ್ಟಿಫಿಕೇಟ್ ತೆಗೆಯುವವಳು ನಾನೇ, ಸೊನ್ನೆ ಯಾವುದು, ಓ ಯಾವುದು ಅಂತ ನೋಡಿ ನೋಡಿ ಕಣ್ಣು ಹೋಗಿದೆ. ತಾರೀಕು ಕೇಳುವ ಕಡೆ 28 ಅಂತ ಹಾಕಿ.

ಏನಂದಿರಿ? ತಿಂಗಳ ಕೊನೆಗೆ ಖಾತೆಯಲ್ಲಿ ಎಲ್ಲಿರುತ್ತದೆ ಅಂತಲಾ? ಅದೂ ಹೌದು. ಸರಿ, 5 ಅಂತ ಹಾಕಿ. ಮುಂದಿನ ತಿಂಗಳಿಗೆ ತೆಗೆದಿಟ್ಟುಕೊಳ್ಳುತ್ತೇನೆ.