ಹೊಳೆಗಿಳಿದ ತಾಯಿ ಮತ್ತು ದಡದಲ್ಲಿ ನಿಂತವರ ಮಾತು

ನಮಸ್ಕಾರ. ಮಮೊರು ಹೊಸೊಡಾ ನಿರ್ದೇಶಿಸಿದ ಜಪಾನಿ ಅನಿಮೇಷನ್ ಚಿತ್ರ ‘ಬೆಲ್’ ಮೊದಲು ತೆರೆಕಂಡದ್ದು 2021ರ ಕಾನ್ ಚಿತ್ರೋತ್ಸವದಲ್ಲಿ. ನೋಡಿದವರೆಲ್ಲ ಅದರ ವರ್ಚುವಲ್ ಲೋಕವನ್ನೇ ಕೊಂಡಾಡುತ್ತಾರೆ. ತುಂಗೆಯ ದಡದ ಶಿವಮೊಗ್ಗದಲ್ಲಿ ಕೂತು ನೋಡಿದ ನನಗೆ ಅದು ಹೊಳೆಯ ಕತೆ.

17 ವರ್ಷದ ಸುಜು ಶಿಕೊಕು ದ್ವೀಪದ ಕೊಚಿ ಪ್ರಾಂತ್ಯದವಳು. ಅವಳ ಊರನ್ನು ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುತ್ತ ಹಸಿರು ಗುಡ್ಡ, ಕೆಳಗೆ ಹೊಳೆ, ಹೆಚ್ಚಾಗಿ ವಯಸ್ಸಾದವರು, ಇಷ್ಟರಲ್ಲೇ ಸಂಚಾರ ನಿಲ್ಲಿಸಲಿರುವ ಬಸ್ಸು.

ಅವಳು ಚಿಕ್ಕವಳಿದ್ದಾಗ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ. ನಡುವೆ ಯಾರದೋ ಮಗು ಸಿಕ್ಕಿಬಿದ್ದಿದೆ. ದಡದ ತುಂಬ ಜನ, ಯಾರೂ ಕದಲುವುದಿಲ್ಲ. ಅಮ್ಮ ಲೈಫ್ ಜಾಕೆಟ್ ಕೈಗೆತ್ತಿಕೊಳ್ಳುತ್ತಾಳೆ, ಮಗಳು ಹೋಗಬೇಡವೆಂದು ಅಳುತ್ತಾಳೆ. ಕೊನೆಗೆ ಜಾಕೆಟ್ ತೊಟ್ಟು ದಡ ಸೇರುವುದು ಆ ಮಗು. ಅಮ್ಮ ಬರುವುದಿಲ್ಲ. ಆಮೇಲೆ ಹೆಸರಿಲ್ಲದವರು ಅಂತರ್ಜಾಲದಲ್ಲಿ ಸತ್ತವಳನ್ನೇ ಬೈಯುತ್ತಾರೆ: ಪರರ ಮಗುವಿಗಾಗಿ ಸ್ವಂತ ಮಗುವಿನ ಕೈಬಿಟ್ಟಳಲ್ಲ ಎಂದು.

ಅಲ್ಲಿ ನಾನು ಚಿತ್ರ ನಿಲ್ಲಿಸಿ ಎದ್ದುಹೋದೆ. ಮಳೆಗಾಲದಲ್ಲಿ ನಮ್ಮ ಹೊಳೆಗಳಲ್ಲಿ ಯಾರಾದರೂ ಕೊಚ್ಚಿಹೋದಾಗ ಸುದ್ದಿಯ ಕೆಳಗೆ ಏನು ಬರೆಯುತ್ತಾರೆಂದು ನೋಡಿದ್ದೀರಲ್ಲ? ಅಗ್ನಿಶಾಮಕ ದಳದವರು ಇನ್ನೂ ಶವ ಹುಡುಕುತ್ತಿರುತ್ತಾರೆ, ಅಷ್ಟರಲ್ಲೇ ‘ಯಾರು ಹೋಗೆಂದಿದ್ದರು’, ‘ಸೆಲ್ಫಿ ಹುಚ್ಚು’ ಎಂಬ ತೀರ್ಪು. ಸತ್ತವನ ತಂಗಿಯೂ ಮೊಬೈಲ್ ನೋಡುತ್ತಾಳೆ ಎಂಬುದು ಇವರಿಗೆ ಹೊಳೆಯುವುದೇ ಇಲ್ಲ.

ಅಮ್ಮ ಹೋದಂದಿನಿಂದ ಸುಜು ಹಾಡಲು ಬಾಯಿ ತೆರೆದರೆ ವಾಂತಿ ಬರುತ್ತದೆ. ‘ಯು’ ಎಂಬ ವರ್ಚುವಲ್ ಲೋಕದಲ್ಲಿ ಮಾತ್ರ ಅವಳು ಹಾಡಬಲ್ಲಳು. 500 ಕೋಟಿ ಮಂದಿ ಸೇರುವ ಆ ಲೋಕ ದೇಹದ ವಿವರ ಓದಿ ಅವಳಿಗೊಂದು ಚೆಲುವಾದ ರೂಪ ಕೊಡುತ್ತದೆ; ಕೆನ್ನೆಯ ಚುಕ್ಕೆಗಳು ಮಾತ್ರ ಅವಳವೇ. ಊರನ್ನು ಕೈಯಿಂದ ಬಿಡಿಸಿದ ಚಿತ್ರಗಳಲ್ಲಿ, ‘ಯು’ವನ್ನು ಕಂಪ್ಯೂಟರಿನ ಮೂರು ಆಯಾಮಗಳಲ್ಲಿ ತೋರಿಸಿರುವುದು ಜಾಣತನ. ಅಲ್ಲಿ ಇನ್ನೊಬ್ಬರ ನಿಜರೂಪ ಬಯಲು ಮಾಡುವುದೇ ದೊಡ್ಡ ಶಿಕ್ಷೆ. ಹೊಡೆತ ತಿನ್ನುತ್ತಿರುವ ಹುಡುಗನೊಬ್ಬನ ನಂಬಿಕೆ ಗಳಿಸಲು ಸುಜು ಆ ಶಿಕ್ಷೆಯನ್ನು ತಾನಾಗಿ ಕೇಳಿ ಪಡೆಯುತ್ತಾಳೆ. ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಬಣ್ಣ ತೊಳೆದುಕೊಂಡು ಮತ್ತೆ ರಂಗಕ್ಕೆ ಬಂದಂತೆ, ಶಾಲೆಯ ಸಮವಸ್ತ್ರದಲ್ಲೇ ನಿಂತು ಹಾಡುತ್ತಾಳೆ. ಸುಜುವಿಗೆ ದನಿ ಕೊಟ್ಟ ಗಾಯಕಿ ಕಾಹೊ ನಕಮುರಾ ಅವರ ದನಿ ಅಲ್ಲಿ ಮೊದಲು ನಡುಗಿ, ಆಮೇಲೆ ಏರುವುದನ್ನು ಕೇಳಬೇಕು.

ನನ್ನ ತಕರಾರು ಅದರ ನಂತರದ್ದು. ಆ ಹುಡುಗನನ್ನೂ ಅವನ ತಮ್ಮನನ್ನೂ ಬಡಿಯುವ ಅಪ್ಪನ ಎದುರಿಗೆ ಸುಜು ದೂರದ ನಗರಕ್ಕೆ ಒಬ್ಬಳೇ ಹೋಗುತ್ತಾಳೆ. ತಾಯಿಯಂತೆ ಮಗಳೂ ಒಂಟಿಯಾಗಿಯೇ ಇಳಿಯಬೇಕೆಂಬುದು ನಿರ್ದೇಶಕರ ಲೆಕ್ಕ. ಲೆಕ್ಕ ಅರ್ಥವಾಗುತ್ತದೆ, ಒಪ್ಪಲಾರೆ. ನಮ್ಮಲ್ಲಿ ಮಕ್ಕಳ ಸಹಾಯವಾಣಿ 1098 ಇದೆ. ಚಿತ್ರದಲ್ಲಿಯೂ ಅಧಿಕಾರಿಗಳಿಗೆ ಫೋನ್ ಹೋಗುತ್ತದೆ, ನಿಯಮದ ನೆಪ ಬರುತ್ತದೆ. ಸರಿ, ಆದರೆ ಅವಳನ್ನು ಸ್ಟೇಷನ್‌ವರೆಗೆ ಬಿಟ್ಟುಬಂದ ಅವಳೂರಿನ ಗಾಯನ ತಂಡದ ಹೆಂಗಸರಲ್ಲಿ ಒಬ್ಬರಾದರೂ ಜೊತೆಗೆ ಹೋಗಬಾರದಿತ್ತೇ? ನಮ್ಮೂರಿನ ಹೆಂಗಸರಾಗಿದ್ದರೆ ಒಂದು ಜೀಪು ತುಂಬ ಹೊರಟಿರುತ್ತಿದ್ದರು.