ಕುಪ್ಪುಸ್ವಾಮಿ ಸ್ಕೇಲ್ ಮತ್ತು ಅದರ ಹಿಂದಿನ ಪ್ರೊಫೆಸರ್

ಕೇಳುಗರೆಲ್ಲರಿಗೂ ನಮಸ್ಕಾರ.

ಮೆಡಿಕಲ್ ಕಾಲೇಜಿನಲ್ಲಿ ಪಿಜಿ ಓದುತ್ತಿರುವ ಯಾರನ್ನಾದರೂ 'ಕುಪ್ಪುಸ್ವಾಮಿ ಗೊತ್ತಾ?' ಎಂದು ಕೇಳಿ ನೋಡಿ. ತಕ್ಷಣ ಹೌದು ಎನ್ನುತ್ತಾರೆ. ಥೀಸಿಸ್ ಬರೆಯುವಾಗ ಆ ಹೆಸರು ಬಂದೇ ಬರುತ್ತದೆ. ಆದರೆ ಅವರು ಡಾಕ್ಟರ್ ಅಲ್ಲ, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದವರು ಎಂದರೆ ಎಷ್ಟೋ ಜನ ಅಚ್ಚರಿಪಡುತ್ತಾರೆ. ಬಿ. ಕುಪ್ಪುಸ್ವಾಮಿಯವರ ಬಗ್ಗೆ ಮಾತಾಡಬೇಕು ಅನ್ನಿಸಿದ್ದು ಅದಕ್ಕೇ.

 

ಕುಪ್ಪುಸ್ವಾಮಿಯವರು ಸಮಾಜ ಮನಶ್ಶಾಸ್ತ್ರದ ಬಗ್ಗೆ, ಭಾರತದ ಸಮಾಜ ಬದಲಾಗುತ್ತಿರುವ ಬಗೆಯ ಬಗ್ಗೆ ದೊಡ್ಡ ಪುಸ್ತಕಗಳನ್ನೇ ಬರೆದರು. ಆದರೆ ಅವರ ಹೆಸರು ಜಾಸ್ತಿ ಓಡಾಡಿದ್ದು 1976ರ ಒಂದು ಸಣ್ಣ ಪಟ್ಟಿಯಿಂದ. ನಗರದ ಒಂದು ಕುಟುಂಬ ಸಾಮಾಜಿಕವಾಗಿ, ಆರ್ಥಿಕವಾಗಿ ಯಾವ ಸ್ಥಿತಿಯಲ್ಲಿದೆ ಎಂದು ಅಳೆಯುವ ಪಟ್ಟಿ ಅದು. ಕುಪ್ಪುಸ್ವಾಮಿ ಸ್ಕೇಲ್ ಎನ್ನುವುದು ಇದನ್ನೇ. ಕೇಳುವುದು ಮೂರೇ ವಿಷಯ. ಮನೆ ಯಜಮಾನರು ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ, ಇಡೀ ಕುಟುಂಬಕ್ಕೆ ತಿಂಗಳಿಗೆ ಎಷ್ಟು ಬರುತ್ತದೆ. ಓದಿಗೆ ಹೆಚ್ಚೆಂದರೆ 7 ಅಂಕ, ಕೆಲಸಕ್ಕೆ 10, ಆದಾಯಕ್ಕೆ 12. ಒಟ್ಟು 29. ಬಂದ ಅಂಕ ನೋಡಿ ಕುಟುಂಬವನ್ನು ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ.

ಆಸ್ಪತ್ರೆಯ ಗದ್ದಲದಲ್ಲೂ ಐದು ನಿಮಿಷದಲ್ಲಿ ಕೇಳಿ ಮುಗಿಸಬಹುದು. ಹಾಗಾಗಿಯೇ ರಕ್ತಹೀನತೆಯ ಅಧ್ಯಯನವಿರಲಿ, ಮಕ್ಕಳ ಹಲ್ಲಿನ ಹುಳುಕಿನ ಅಧ್ಯಯನವಿರಲಿ, ಸಂಶೋಧಕರು ಈ ಪಟ್ಟಿಯನ್ನೇ ಹಿಡಿಯುತ್ತಾರೆ. ಬೇರೆ ಪಟ್ಟಿಗಳೂ ಇದ್ದವು. ಬಿ. ಜಿ. ಪ್ರಸಾದ್ ಅವರದು 1961ರದು, ಹಳ್ಳಿಗಳಿಗೆಂದು ಉದಯ್ ಪಾರೀಕ್ ಅವರದು 1964ರದು. ನಗರದ ಮಟ್ಟಿಗೆ ಕುಪ್ಪುಸ್ವಾಮಿಯವರದೇ ಗಟ್ಟಿಯಾಗಿ ನಿಂತಿತು. ತನ್ನ ವಿಷಯ ಓದದವರ ಕೈಗೂ ಒಬ್ಬ ವಿದ್ವಾಂಸರ ಕೆಲಸ ಹೀಗೆ ತಲುಪುವುದು ಅಪರೂಪ. ನನಗೆ ಅದು ಎಷ್ಟೋ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ತೊಂದರೆ ಇರುವುದು ಆದಾಯದ ಸಾಲಿನಲ್ಲಿ. 1976ರ ಪಟ್ಟಿಯಲ್ಲಿ ತಿಂಗಳಿಗೆ 2000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪೂರ್ತಿ 12 ಅಂಕ. 100 ರೂಪಾಯಿ ಒಳಗಿದ್ದರೆ 1. ಇವತ್ತು 2000 ರೂಪಾಯಿಗೆ ಒಂದು ಮನೆಯ ತಿಂಗಳ ದಿನಸಿಯೂ ಬರುವುದಿಲ್ಲ, ಅಲ್ವಾ? ಅದಕ್ಕೇ ಬೆಲೆ ಸೂಚ್ಯಂಕ ನೋಡಿಕೊಂಡು ಆದಾಯದ ಅಂಕಿಗಳನ್ನು ಆಗಾಗ ಪರಿಷ್ಕರಿಸಿ, ಬೇರೆ ಬೇರೆ ಸಂಶೋಧಕರು ಪ್ರಕಟಿಸುತ್ತಾ ಬಂದಿದ್ದಾರೆ. ಹೆಸರು ಒಬ್ಬರದು, ದುಡಿಮೆ ಹಲವರದು.

ಇದು ಸುಮ್ನೆ ಲೆಕ್ಕದ ತಕರಾರಲ್ಲ. ಹೈಸ್ಕೂಲ್ ಮುಗಿಸಿದ ಒಬ್ಬ ಡ್ರೈವರ್ ಇದ್ದಾನೆ ಅಂದುಕೊಳ್ಳಿ. ಓದಿಗೆ 4, ಕೆಲಸಕ್ಕೆ 4, ಒಟ್ಟು 8. ಹಳೆಯ ಅಂಕಿ ಹಿಡಿದರೆ ಆದಾಯಕ್ಕೆ 12 ಸೇರಿ 20 ಆಗುತ್ತದೆ. ಅಂದರೆ ಅವನು ಮೇಲ್ಮಧ್ಯಮ ವರ್ಗ! ಪರಿಷ್ಕರಿಸಿದ ಅಂಕಿಯಲ್ಲಿ ಅವನ ಆದಾಯಕ್ಕೆ 2 ಅಂಕ ಬಂದರೆ ಒಟ್ಟು 10. ಆಗ ಅವನಿಗೆ ಜಾಗ ಕೆಳವರ್ಗದ ಮೇಲಿನ ಹಂತದಲ್ಲಿ. ಮನುಷ್ಯ ಅವನೇ, ಮನೆ ಅದೇ. ಬಡವರ ಮಕ್ಕಳಿಗೆ ಯಾವ ಕಾಯಿಲೆ ಜಾಸ್ತಿ ಎಂದು ಹುಡುಕಲು ಹೊರಟ ಅಧ್ಯಯನ ಇಲ್ಲೇ ದಾರಿ ತಪ್ಪುತ್ತದೆ. ಆದ್ದರಿಂದ ಯಾವ ವರ್ಷದ ಪರಿಷ್ಕರಣೆ ಬಳಸಿದೆವು ಎಂದು ಪ್ರತಿ ಥೀಸಿಸ್‌ನಲ್ಲೂ ಬರೆಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಾತೂ ಕಾಡುತ್ತದೆ. ಆದಾಯ ಇಡೀ ಕುಟುಂಬದ್ದು, ಆದರೆ ಓದು ಮತ್ತು ಕೆಲಸ ಯಜಮಾನರದು ಮಾತ್ರ. ತಂದೆ ಏಳನೇ ಕ್ಲಾಸು, ತಾಯಿ ಪದವಿ ಮುಗಿಸಿದ ಟೀಚರ್ ಎಂದುಕೊಳ್ಳಿ. ತಂದೆಯೇ ಯಜಮಾನರು ಎಂದು ಬರೆದುಕೊಂಡರೆ ತಾಯಿಯ ಪದವಿಗೆ ಒಂದು ಅಂಕವೂ ಸಿಗುವುದಿಲ್ಲ. ಮಗುವಿನ ಆರೋಗ್ಯಕ್ಕೆ ತಾಯಿಯ ಓದು ಎಷ್ಟು ಮುಖ್ಯ ಎಂದು ಎಷ್ಟೋ ಅಧ್ಯಯನಗಳು ತೋರಿಸಿವೆ. ಕುಪ್ಪುಸ್ವಾಮಿಯವರ ಪಟ್ಟಿಯನ್ನು ಮುಂದೆ ತಿದ್ದುವವರು ಆದಾಯದ ಸಾಲಿನ ಜೊತೆಗೆ ಈ ಯಜಮಾನರ ಸಾಲನ್ನೂ ಕೈಗೆತ್ತಿಕೊಳ್ಳಬೇಕು.

ನಮಸ್ಕಾರ.