ಎರಡು ಮುಳ್ಳೂ ಒಟ್ಟಿಗೆ ಏರಿದರೆ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಹಳೆಯ ಕಾರು ಇಟ್ಟುಕೊಂಡು, ಭಾನುವಾರ ಬಂತೆಂದರೆ ಬಾನೆಟ್ ಎತ್ತಿ ನಿಲ್ಲುವವರಿಗಾಗಿ ಇವತ್ತಿನ ಮಾತು.

ಹೆರಾಲ್ಡ್, ಸ್ಪಿಟ್‌ಫೈರ್, ಮಿನಿ, ಇಂಥ 1960ರ ದಶಕದ ಬ್ರಿಟಿಷ್ ಕಾರುಗಳ ಮೀಟರ್ ಬೋರ್ಡ್ ಹಿಂದೆ ಒಂದು ಪುಟ್ಟ ತಗಡಿನ ಡಬ್ಬಿ ಇರುತ್ತದೆ. ಎಷ್ಟೋ ಕಾರಲ್ಲಿ ಸ್ಪೀಡೋಮೀಟರಿನ ಬೆನ್ನಿಗೇ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅದು ಸ್ಮಿತ್ಸ್ ಕಂಪನಿಯ ವೋಲ್ಟೇಜ್ ಸ್ಟೆಬಿಲೈಸರ್. ಬಾನೆಟ್ ಒಳಗಿನ ಕಟೌಟ್ ಬೇರೆ, ಇದು ಬೇರೆ. ಕಟೌಟ್ ಬ್ಯಾಟರಿ ಚಾರ್ಜ್ ನೋಡಿಕೊಳ್ಳುತ್ತದೆ. ಈ ಡಬ್ಬಿ ಪೆಟ್ರೋಲ್ ಮುಳ್ಳು ಮತ್ತು ಟೆಂಪರೇಚರ್ ಮುಳ್ಳಿಗೆ ಸರಿಯಾದ ಕರೆಂಟ್ ಕೊಡುತ್ತದೆ. ಅಷ್ಟೇ ಅದರ ಕೆಲಸ.

ಒಳಗೆ ಎರಡು ಲೋಹ ಸೇರಿಸಿದ ಒಂದು ಪಟ್ಟಿ, ಅದರ ಸುತ್ತ ತೆಳು ತಂತಿ. ತಂತಿ ಬಿಸಿಯಾದರೆ ಪಟ್ಟಿ ಬಾಗಿ ಪಾಯಿಂಟ್, ಅಂದರೆ ಕರೆಂಟ್ ದಾಟುವ ಜಾಗ, ಬಿಡುತ್ತದೆ. ತಣ್ಣಗಾದರೆ ಮತ್ತೆ ಕೂಡುತ್ತದೆ. ಇಸ್ತ್ರಿ ಪೆಟ್ಟಿಗೆ ತಾನಾಗಿ ಟಕ್ ಅಂತ ಆರಿ ಹತ್ತುತ್ತದಲ್ವಾ, ಅದೇ ಥರ. ಹೀಗೆ ಬಿಟ್ಟು ಕೂಡಿ ಸರಾಸರಿ 10 ವೋಲ್ಟ್ ಕೊಡುತ್ತದೆ. ಮೀಟರುಗಳೂ ಬಿಸಿಯಿಂದಲೇ ನಡೆಯುವಂಥವು, ನಿಧಾನದವು. ಹಾಗಾಗಿ ಮುಳ್ಳು ಕುಣಿಯುವುದಿಲ್ಲ.

ಈಗ ಮುಖ್ಯ ಮಾತು. ಎರಡು ಮುಳ್ಳೂ ಒಟ್ಟಿಗೆ ತಪ್ಪು ತೋರಿಸಿದರೆ, ಮೊದಲು ಈ ಡಬ್ಬಿಯ ಅರ್ಥ್ ನೋಡಿ, ಅಂದರೆ ಡಬ್ಬಿಯನ್ನು ಕಾರಿನ ಲೋಹದ ಬಾಡಿಗೆ ಸೇರಿಸುವ ಸಂಪರ್ಕ. ರೇಡಿಯೇಟರ್ ಅಲ್ಲ, ಟ್ಯಾಂಕ್ ಅಲ್ಲ. ಅರ್ಥ್.

ಮೈಸೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ಮದರಾಸಿನಲ್ಲಿ ತಯಾರಾದದ್ದು. ಆಸೆಪಟ್ಟು ಡ್ಯಾಶ್‌ಬೋರ್ಡಿಗೆ ಹೊಸ ಬೀಟೆ ಹಲಗೆ ಹಾಕಿಸಿದರು. ತುಂಬ ಚಂದದ ಕೆಲಸ. ಅದಾದ ಮೇಲೆ ಚಾಮುಂಡಿ ಬೆಟ್ಟ ಹತ್ತಿದರೆ ಟೆಂಪರೇಚರ್ ಮುಳ್ಳು ನೇರ ಕೊನೆಗೆ ಹೋಗತೊಡಗಿತು. ವರ್ಕ್‌ಶಾಪಿನವರು ಥರ್ಮೋಸ್ಟಾಟ್ ಬದಲಿಸಿದರು. ಮುಳ್ಳು ಇಳಿಯಲಿಲ್ಲ. ರೇಡಿಯೇಟರ್ ಬಿಚ್ಚಿ ತೊಳೆಸಿದರು. ಇಳಿಯಲಿಲ್ಲ. ವಾಟರ್ ಪಂಪ್ ಹೊಸದು ಬಂತು. ಆಗಲೂ ಇಲ್ಲ. ಇನ್ನು ಹೆಡ್ ಇಳಿಸಿ ಗ್ಯಾಸ್ಕೆಟ್ ನೋಡೋಣ ಅಂದಾಗ ಮೇಷ್ಟ್ರು ನನಗೆ ಫೋನ್ ಮಾಡಿದರು. ನಾನು ಕೇಳಿದ್ದು ಒಂದೇ: "ಪೆಟ್ರೋಲ್ ಮುಳ್ಳು ಎಲ್ಲಿದೆ ಸಾರ್?"

"ಅದಕ್ಕೇನೂ ತೊಂದರೆ ಇಲ್ಲ, ಫುಲ್ ಇದೆ" ಅಂದರು.

"ಎಷ್ಟು ಹಾಕಿಸಿದ್ದೀರಿ?"

ಸ್ವಲ್ಪ ಯೋಚಿಸಿ, "ಅರ್ಧ ಟ್ಯಾಂಕ್ ಇರಬೇಕು" ಅಂದರು.

ಹೋಗಿ ನೋಡಿದೆ. ಮೀಟರ್ ಹೊರಗೆ ಎಳೆದರೆ ಅರ್ಥ್‌ನ ಕಪ್ಪು ವೈರ್ ಸುಮ್ನೆ ನೇತಾಡುತ್ತಿದೆ. ಹಲಗೆ ಕೂರಿಸಿದವರು ಅದನ್ನು ಮತ್ತೆ ಹಾಕಿಲ್ಲ. ಮರದಲ್ಲಿ ಕರೆಂಟ್ ಹರಿಯುತ್ತದೆಯೇ? ಅರ್ಥ್ ಇಲ್ಲದಿದ್ದರೆ ಒಳಗಿನ ತಂತಿ ಬಿಸಿಯಾಗದು, ಪಾಯಿಂಟ್ ಬಿಡದು, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ನುಗ್ಗುತ್ತದೆ. ಎಂಜಿನ್ ಓಡುವಾಗ ಅದು 14 ವೋಲ್ಟ್ ಹತ್ತಿರ. 10ರ ಜಾಗದಲ್ಲಿ 14 ಬಂದರೆ ಮೀಟರಿನೊಳಗಿನ ಶಾಖ ಹೆಚ್ಚುಕಡಿಮೆ ಎರಡು ಪಟ್ಟು. ಮುಳ್ಳು ಏರದೆ ಇನ್ನೇನು ಮಾಡೀತು? ವೈರ್ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಎರಡು ಮುಳ್ಳೂ ಮೆಲ್ಲಗೆ ಇಳಿದು ತಮ್ಮ ಜಾಗದಲ್ಲಿ ನಿಂತವು. ಆ ಎಂಜಿನ್ ಒಂದು ದಿನವೂ ಕುದ್ದಿರಲಿಲ್ಲ! ಪಂಪಿಗೆ ಕೊಟ್ಟ ದುಡ್ಡು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಪರೀಕ್ಷೆಗೆ 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಸಾಕು. ಡಿಜಿಟಲ್ ಮೀಟರ್ ಬೇಡ, ಅಂಕಿ ಕುಣಿದು ತಲೆ ಕೆಡಿಸುತ್ತದೆ. ಡಬ್ಬಿಯ ಮೇಲೆ 'ಬಿ' ಅಂದರೆ ಕರೆಂಟ್ ಬರುವ ಕಡೆ, 'ಐ' ಅಂದರೆ ಮೀಟರಿಗೆ ಹೋಗುವ ಕಡೆ. 'ಐ'ಗೆ ದೀಪ ಹಿಡಿಯಿರಿ. ಮಿನುಗಿದರೆ ಡಬ್ಬಿ ಕೆಲಸ ಮಾಡುತ್ತಿದೆ. ಮಿನುಗದೆ ಉರಿಯುತ್ತಲೇ ಇದ್ದರೆ ಅರ್ಥ್ ನೋಡಿ. ಸ್ಕ್ರೂ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ. ಆಮೇಲೂ ಹಾಗೇ ಇದ್ದರೆ ಮಾತ್ರ ಡಬ್ಬಿ ಬದಲಿಸಿ. ದೀಪ ಹತ್ತಲೇ ಇಲ್ಲವೆಂದರೆ ಫ್ಯೂಸ್, ಆಮೇಲೆ 'ಬಿ'ಗೆ ಬರುವ ಹಸಿರು ವೈರ್.

ಡಬ್ಬಿಯ ಮೇಲೆ 'ಟಾಪ್' ಅಂತ ಬರೆದಿದ್ದರೆ ಆ ಕಡೆ ಮೇಲೇ ಇರಬೇಕು. ಒಂದೇ ಮುಳ್ಳು ತಪ್ಪಿದರೆ ಡಬ್ಬಿ ಮುಟ್ಟಬೇಡಿ, ಆ ಮೀಟರಿನ ವೈರ್ ಮತ್ತು ಸೆಂಡರ್, ಅಂದರೆ ಟ್ಯಾಂಕ್ ಅಥವಾ ಎಂಜಿನ್ನಿನಲ್ಲಿದ್ದು ಮೀಟರಿಗೆ ಅಳತೆ ಕಳಿಸುವ ಭಾಗ, ನೋಡಿ.

ಹಳೆಯ ಡಬ್ಬಿಯೊಳಗೆ 7810 ಐಸಿ, ಅಂದರೆ ಸ್ಥಿರವಾಗಿ 10 ವೋಲ್ಟ್ ಕೊಡುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್, ಕೂರಿಸಬಹುದು, ನೆಗೆಟಿವ್ ಅರ್ಥ್ ಕಾರಿಗೆ ಮಾತ್ರ, ಅಂದರೆ ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿರುವ ಕಾರಿಗೆ. ಅದಕ್ಕೂ ಅರ್ಥ್ ಬೇಕೇ ಬೇಕು. ಅಮೆರಿಕದ ಹಳೆಯ ಫೋರ್ಡ್, ಕ್ರೈಸ್ಲರ್ ಇಟ್ಟುಕೊಂಡವರು ಗಮನಿಸಿ: ನಿಮ್ಮ ಮೀಟರುಗಳು 5 ವೋಲ್ಟಿನವು. ಬ್ರಿಟಿಷ್ ಡಬ್ಬಿ ಹಾಕಿದರೆ ಮೀಟರ್ ಸುಟ್ಟುಹೋಗುತ್ತದೆ. ನಮಸ್ಕಾರ.